ಇಂದ್ರಾಣಿಯೇ

ಕಣ್ಣಿಗೆ ಕಾಣದ ಜೀವಿಗೆ ಹೆಸರಿಡುವುದೆಂದರೆ ಹುಡುಗಾಟವಲ್ಲ ಸ್ವಾಮಿ. ಮನುಷ್ಯರ ಮಗುವಿಗಾದರೆ ತೊಟ್ಟಿಲು ತೂಗಿ, ಕಿವಿಯಲ್ಲಿ ಮೂರು ಸಲ ಉಸುರಿದರೆ ಆಯಿತು. ಆಮೇಲೆ ಬೇಡವೆನಿಸಿದರೆ ಬದಲಾಯಿಸಿಕೊಳ್ಳಲೂಬಹುದು. ಬ್ಯಾಕ್ಟೀರಿಯಾಕ್ಕೆ ಹಾಗಲ್ಲ. ಅದು ಯಾವ ಕುಲ, ಅದರ ನೆಂಟರಿಷ್ಟರು ಯಾರು, ಎಷ್ಟು ಉಪ್ಪು ತಡೆಯುತ್ತದೆ, ಏನು ತಿಂದು ಬದುಕುತ್ತದೆ, ಎಲ್ಲವನ್ನೂ ಸಾಕ್ಷಿ ಸಮೇತ ತೋರಿಸಬೇಕು. ಎರಡು ದೇಶಗಳ ಸಂಗ್ರಹಗಳಲ್ಲಿ ಅದರ ಜೀವಂತ ಮಾದರಿ ಇಡಬೇಕು. ಹೆಸರನ್ನು ಲ್ಯಾಟಿನ್ ಭಾಷೆಯ ಅಚ್ಚಿಗೆ ಇಳಿಸಬೇಕು. ಒಮ್ಮೆ ಪತ್ರಿಕೆಯಲ್ಲಿ ಅಚ್ಚಾಯಿತೋ, ಹೆಸರಿಟ್ಟವರೇ ಬಂದು ಕಾಲಿಗೆ ಬಿದ್ದರೂ ಅದು ಕದಲುವುದಿಲ್ಲ.

ಬಂಗಾರಪೇಟೆ ತಾಲ್ಲೂಕಿನ ಕೂಲಿಯವನ ಮಗಳು ಶ್ಯಾಮಲ ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಐದು ವರ್ಷದಿಂದ ಇದೇ ಕೆಲಸದಲ್ಲಿದ್ದಳು. ನದಿ ಕಡಲನ್ನು ಸೇರುವ ಕಡೆಯ ಕೆಸರಿನಿಂದ ಯಾರೋ ಹನ್ನೊಂದು ವರ್ಷದ ಹಿಂದೆ ತೆಗೆದ ಒಂದಷ್ಟು ಬ್ಯಾಕ್ಟೀರಿಯಾ ಅಲ್ಲಿನ ಫ್ರೀಜರಿನಲ್ಲಿ ಬೇರೆ ಯಾವುದೋ ಜೀವಿಯ ಹೆಸರು ಅಂಟಿಸಿಕೊಂಡು ಕೂತಿದ್ದವು. ನೋಡಲು ಅದರ ಥರವೇ ಇದ್ದವು, ಹಾಗಾಗಿ ಅದರ ಚೀಟಿಯನ್ನೇ ಇವಕ್ಕೂ ಅಂಟಿಸಿದ್ದರು. ಶ್ಯಾಮಲಳಿಗೆ ಮಾತ್ರ ಅನುಮಾನ. ಮೂರು ವರ್ಷ ಹಟ ಹಿಡಿದು ಕೂತು, ಇವು ಅದಲ್ಲ, ಇವುಗಳದೇ ಒಂದು ಕುಲ ಎಂದು ತೋರಿಸಿಕೊಟ್ಟಳು. ಗೈಡ್ ಅಂಬಿಕ ಮೇಡಂ ಖುಷಿಯಾಗಿ, ಕುಲದ ಹೆಸರು ನಾನಿಡುತ್ತೇನೆ, ಅದರಲ್ಲಿನ ಮೊದಲ ಪ್ರಭೇದದ ಹೆಸರು ನಿನ್ನಿಷ್ಟ ಎಂದರು.

ಶ್ಯಾಮಲ ಯೋಚನೆ ಮಾಡಲೂ ಇಲ್ಲ. ಅವಳಪ್ಪ ಮುನಿಸ್ವಾಮಪ್ಪ ಹೋದಾಗ ಅವಳಿಗೆ ಏಳು ವರ್ಷ. ಅಲ್ಲಿಂದಾಚೆಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಕಟ್ಟಡಕ್ಕೆ ಇಟ್ಟಿಗೆ ಹೊತ್ತು, ಕಂಡವರ ತೋಟದಲ್ಲಿ ಟೊಮೇಟೊ ಬಿಡಿಸಿ, ಕೊನೆಗೆ ಒಂದು ಹಸು ಕಟ್ಟಿ ಅವಳನ್ನು ಓದಿಸಿದವಳು ಅಮ್ಮ. ತನ್ನದು ಅಂತ ಏನನ್ನೂ ಕೇಳದ ಹೆಂಗಸು. ಬೇತಮಂಗಲದ ಕೆರೆಗಿಂತ ದೊಡ್ಡ ನೀರನ್ನು ಕಂಡವಳಲ್ಲ. ಅಮ್ಮನ ಹೆಸರು ಮುತ್ಯಾಲಮ್ಮ. ಮುತ್ಯಾಲು ಎಂದರೆ ತೆಲುಗಿನಲ್ಲಿ ಮುತ್ತು. ಗಾಜಿನ ತಟ್ಟೆಯ ಮೇಲೆ ಆ ಬ್ಯಾಕ್ಟೀರಿಯಾ ಬೆಳೆಯುವುದೂ ಮುತ್ತಿನಂತೆಯೇ, ಬೆಳ್ಳಗೆ, ಗುಂಡಗೆ. ಇದಕ್ಕಿಂತ ಬೇಕೇ? ಒಂದಕ್ಷರವೂ ತಪ್ಪಬಾರದೆಂದು ಅಮ್ಮನ ಆಧಾರ್ ಜೆರಾಕ್ಸ್ ಮುಂದಿಟ್ಟುಕೊಂಡು ಬರೆದಳು. ಲ್ಯಾಟಿನ್ನಿನಲ್ಲಿ ಹೆಂಗಸಿನ ಹೆಸರಿಗೆ ಕೊನೆಯಲ್ಲಿ ಒಂದು ‘ಏ’ ಸೇರಿಸಬೇಕು, ಆಗ ‘ಆಕೆಯದು’ ಎಂಬ ಅರ್ಥ ಬರುತ್ತದೆ. ಮುತ್ಯಾಲಮ್ಮೇ. ಕೂಗಿ ಕರೆದ ಹಾಗಿದೆಯಲ್ಲ ಎಂದುಕೊಂಡು ಒಬ್ಬಳೇ ನಕ್ಕಳು.

ಅಚ್ಚಾದ ಹಾಳೆಗಳನ್ನು ಹಿಡಿದುಕೊಂಡು ಬಂಗಾರಪೇಟೆಯಲ್ಲಿ ರೈಲಿಳಿದು, ಆಟೋ ಹತ್ತಿ ಊರಿಗೆ ಬಂದಾಗ ಸಂಜೆ ಹಾಲು ಕರೆಯುವ ಹೊತ್ತು. ಅಮ್ಮ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಶ್ಯಾಮಲ ತಡೆಯಲಾರದೆ ಅಲ್ಲೇ ನಿಂತು ಹೇಳಿಬಿಟ್ಟಳು. ಕಡಲಿನ ಒಂದು ಜೀವಿಗೆ ನಿನ್ನ ಹೆಸರಿಟ್ಟಿದ್ದೀನಮ್ಮ, ಭೂಮಿ ಇರೋವರೆಗೂ ಅದಕ್ಕೆ ಅದೇ ಹೆಸರು ಎಂದಳು.

ಅಮ್ಮನ ಕೈ ನಿಂತಿತು. ಮುಖ ಒಂದು ನಮೂನೆ ಅರಳಿತು. ಐವತ್ತರ ಹೆಂಗಸು ಹದಿನೆಂಟರವಳ ಹಾಗೆ ಕಂಡಳು.

“ನನ್ನೆಸ್ರಾ?” ಎಂದಳು. “ನಿಂಗ್ಯಾರ್ ಮಗಾ ಏಳಿದ್ದು?”

ಯಾರು ಹೇಳಬೇಕು? ಶ್ಯಾಮಲಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹಾಳೆ ತೆಗೆದು, ಬೆರಳಿಟ್ಟು ಓದಿದಳು. ಮುತ್ಯಾಲಮ್ಮೇ.

ಅಮ್ಮ ಮತ್ತೆ ಕೆಚ್ಚಲಿಗೆ ಕೈಹಾಕಿ, ಕೊನೆಯ ಹನಿಯವರೆಗೂ ಕರೆದಳು. ಕರುವನ್ನು ಬಿಟ್ಟಳು. ಕ್ಯಾನಿನ ಮುಚ್ಚಳ ಹಾಕುತ್ತ, ಯಾರಿಗೋ ಹೇಳುವಂತೆ, “ಅದೂ ಅವಳ್ಗೇ ಓಯ್ತಾ” ಎಂದಳು.

ಡೈರಿಗೆ ಹಾಲು ಹಾಕಿ ಬಂದ ಮೇಲೆ, ಸೊಪ್ಪು ಬಿಡಿಸುತ್ತ ಕೂತು, ಬಿಡಿಬಿಡಿಯಾಗಿ ಎಲ್ಲ ಹೇಳಿದಳು. ಮುತ್ಯಾಲಮ್ಮ ಮುನಿಸ್ವಾಮಪ್ಪನ ಮೊದಲ ಹೆಂಡತಿ. ಹೆರಿಗೆಯಲ್ಲಿ ಮಗುವಿನ ಸಮೇತ ಹೋದಳು. ವರ್ಷ ತುಂಬುವುದರೊಳಗೆ ಇವಳು ಎರಡನೆಯವಳಾಗಿ ಈ ಮನೆಗೆ ಬಂದಳು. ಸತ್ತವಳಿಗೆ ಹೊಟ್ಟೆಕಿಚ್ಚಾಗಿ ಮನೆ ಹಾಳಾಗಬಾರದಲ್ಲ, ಅದಕ್ಕೆ ಅವಳ ಹೆಸರಿನಲ್ಲಿ ಒಂದು ಸವತಿ ತಾಳಿಯನ್ನು ಇವಳ ಕೊರಳಿಗೆ ಕಟ್ಟಿದರು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಅತ್ತೆ, ಈ ಮನೆಯಲ್ಲಿ ದೀಪ ಹಚ್ಚುವವಳು ಮುತ್ಯಾಲಮ್ಮನೇ, ನೀನೇ ಇನ್ನು ಮುತ್ಯಾಲಮ್ಮ ಎಂದುಬಿಟ್ಟಳು. ರೇಶನ್ ಕಾರ್ಡಿನಲ್ಲೂ ಹಳೆಯ ಹೆಸರೇ ಇತ್ತು. ಸತ್ತವಳ ಹೆಸರು ತೆಗೆಸಿ ಇವಳ ಹೆಸರು ಸೇರಿಸಲು ಆಫೀಸಿಗೆ ಅಲೆಯುವವರು ಯಾರು? ಆಮೇಲೆ ಓಟಿನ ಚೀಟಿ ಬಂತು, ಬ್ಯಾಂಕು ಬಂತು, ಆಧಾರ್ ಬಂತು. ಒಂದನ್ನು ನೋಡಿ ಇನ್ನೊಂದನ್ನು ಬರೆದುಕೊಂಡು ಹೋದರು. ಊರಿನ ಹಳಬರಿಗೆಲ್ಲ ಇದು ಗೊತ್ತಿತ್ತು. ಮಗಳಿಗೆ ಹೇಳುವಂಥ ಸಂಗತಿ ಅಂತ ಯಾರಿಗೂ ಅನಿಸಿರಲಿಲ್ಲ.

“ಮತ್ತೆ ನಿನ್ನ ಹೆಸರು?” ಎಂದಳು ಶ್ಯಾಮಲ. ಇಪ್ಪತ್ತೊಂಬತ್ತು ವರ್ಷದವಳು ಹೆತ್ತ ತಾಯಿಯನ್ನು ಕೇಳಬಹುದಾದ ಪ್ರಶ್ನೆಯೇ ಇದು?

“ಇಂದ್ರಾಣಿ. ನಮ್ಮಪ್ಪ ಇಟ್ಟಿದ್ದು.”

ಅಮ್ಮನ ಅಪ್ಪ ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೂಲಿಯಾಗಿದ್ದವನು. ಹಗಲೆಲ್ಲ ಪಾತಾಳದಲ್ಲಿ ದುಡಿಯುವವನು ಮಗಳಿಗೆ ದೇವಲೋಕದ ರಾಣಿಯ ಹೆಸರಿಟ್ಟಿದ್ದ. ಶ್ಯಾಮಲಳಿಗೆ ಆಗ ನೆನಪಾಯಿತು. ಕೋರಮಂಡಲ್ ಅಜ್ಜಿ ಅಮ್ಮನನ್ನು ‘ಇಂದ್ರಿ’ ಎಂದು ಕರೆಯುತ್ತಿದ್ದಳು. ಆ ಅಜ್ಜಿಯ ಮಾತಿನಲ್ಲಿ ಅರ್ಧ ತಮಿಳು. ಮಗಳನ್ನು ತಮಿಳಿನಲ್ಲಿ ಹಾಗೆ ಮುದ್ದು ಮಾಡುತ್ತಾರೇನೋ ಅಂದುಕೊಂಡಿದ್ದಳು. ಅಜ್ಜಿ ಹೋಗಿ ಇಪ್ಪತ್ತು ವರ್ಷ. ಅಜ್ಜಿಯ ಜೊತೆ ಆ ಹೆಸರೂ ಹೋಯಿತು.

“ಅದ್ನ ಅಳ್ಸಕ್ಕಾಗಲ್ವಾ?” ಎಂದು ಅಮ್ಮ ಹಾಳೆಯ ಕಡೆ ನೋಡಿದಳು.

“ಇಲ್ಲಮ್ಮ. ಅಚ್ಚಾದ ಮೇಲೆ ಮುಗೀತು.”

“ರೇಶನ್ ಕಾರ್ಡ್‌ನಂಗೇ ಅನ್ನು,” ಎಂದು ಅಮ್ಮ ಸೊಪ್ಪನ್ನು ಮೊರಕ್ಕೆ ಹಾಕಿದಳು.

ಫ್ರೀಜರಿನಲ್ಲಿ ತಪ್ಪು ಚೀಟಿ ಹೊತ್ತು ಕೂತ ಹುಳಕ್ಕಾಗಿ ಮೂರು ವರ್ಷ ಬಡಿದಾಡಿದ ಶ್ಯಾಮಲ, ಮನೆಯಲ್ಲಿ ಕೂತವಳ ಚೀಟಿಯನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಅದು ಸಾಲದೆಂದು ಅದೇ ತಪ್ಪನ್ನು ಜಗತ್ತಿಗೆಲ್ಲ ಅಚ್ಚು ಹಾಕಿಸಿದಳು. ಎದ್ದು ಅಮ್ಮನ ಮುಂದೆ ಕೂತಳು. ಅದೇ ಕುಲದ್ದು ಇನ್ನೊಂದಿದೆ, ಸ್ವಲ್ಪ ಹಳದಿ ಬಣ್ಣದ್ದು, ಬೇರೆ ಪ್ರಭೇದವೇ ಇರಬೇಕು, ಅದಕ್ಕೆ ನಿನ್ನ ಹೆಸರು, ನಿಜವಾದ ಹೆಸರು ಎಂದು ಕೈಹಿಡಿದು ಹೇಳಿದಳು. ಎಷ್ಟು ದಿನ ಆಗುತ್ತೆ ಎಂದು ಅಮ್ಮ ಕೇಳಿದಳು. ಬದುಕಿನಲ್ಲಿ ಅವಳು ಏನನ್ನಾದರೂ ಹಾಗೆ ಆಸೆಪಟ್ಟು ಕೇಳಿದ್ದು ಅದೇ ಮೊದಲು.

ಆಮೇಲಿನ ಎಂಟು ತಿಂಗಳು ಶ್ಯಾಮಲ ಆ ಹಳದಿ ಜೀವಿಯನ್ನು ಹಸುಗೂಸಿನಂತೆ ಸಾಕಿದಳು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹೆಸರನ್ನೂ ಬರೆದಿಟ್ಟಳು. ಇಂದ್ರಾಣಿಯೇ. ಫೋನಿನಲ್ಲಿ ಅಮ್ಮ ಬೇರೆಲ್ಲ ಮಾತಾಡಿ, ಇಡುವ ಮೊದಲು, ಅದೇನಾಯ್ತು ಎಂದು ಕೇಳುತ್ತಿದ್ದಳು.

ಎರಡು ಜೀವಿಗಳ ವಂಶವಾಹಿಗಳಲ್ಲಿ ನೂರಕ್ಕೆ ತೊಂಬತ್ತಾರಕ್ಕಿಂತ ಹೆಚ್ಚು ಹೋಲಿಕೆ ಇದ್ದರೆ ಎರಡೂ ಒಂದೇ ಪ್ರಭೇದ, ಇದು ಈ ಕಸುಬಿನ ಕಟ್ಟಳೆ. ಕೊನೆಯ ಪರೀಕ್ಷೆಯಲ್ಲಿ ಬಂದದ್ದು ತೊಂಬತ್ತೆಂಟು. ಬಣ್ಣ ಬೇರೆ, ಅಷ್ಟೇ. ಅದೂ ಮುತ್ಯಾಲಮ್ಮನೇ. ಎರಡನೇ ಸಲ ಮಾಡಿದಳು, ಮೂರನೇ ಸಲ ಮಾಡಿದಳು. ಅಂಬಿಕ ಮೇಡಂ ಹೆಗಲ ಮೇಲೆ ಕೈಯಿಟ್ಟು, ಬಿಡು ಶ್ಯಾಮಲ, ಅದು ಬೇರೆಯಲ್ಲ ಎಂದರು. ಆ ಒಂದು ಅಂಕಿಯನ್ನು ತಿದ್ದಿದರೆ ಸಾಕಿತ್ತು, ಯಾರಾದರೂ ಕಂಡುಹಿಡಿಯಲು ಹತ್ತು ವರ್ಷ ಬೇಕಾಗುತ್ತಿತ್ತು. ಅಷ್ಟು ಹೊತ್ತಿಗೆ ಅಮ್ಮ ನೋಡಿ, ಮುಟ್ಟಿ, ಸಂತೋಷಪಟ್ಟಿರುತ್ತಿದ್ದಳು. ಶ್ಯಾಮಲ ಎರಡು ದಿನ ಆ ಅಂಕಿಯ ಮುಂದೆ ಕೂತಳು. ಇನ್ನೊಂದು ಸುಳ್ಳು ಚೀಟಿಯ ಮೇಲೆ ಅಮ್ಮನ ಹೆಸರು ಬರೆಯಲು ಕೈ ಬರಲಿಲ್ಲ. ನೋಟ್‌ಬುಕ್ಕಿನ ಹಾಳೆಯನ್ನು ಹರಿದು ಬ್ಯಾಗಿನಲ್ಲಿಟ್ಟುಕೊಂಡು ರೈಲು ಹತ್ತಿದಳು.

ಊರಿಗೆ ಬಂದಾಗ ಮತ್ತೆ ಅದೇ ಸಂಜೆಯ ಹೊತ್ತು. ಅಮ್ಮ ಅತ್ತ ಮುಖ ಮಾಡಿ, ಹಸುವಿನ ಮುಂದೆ ಹುಲ್ಲು ಹರಡುತ್ತಿದ್ದಳು. ಏನಂತ ಹೇಳುವುದು? ಪತ್ರಿಕೆ ಬೇಡ, ಲ್ಯಾಟಿನ್ ಬೇಡ, ಒಂದು ಸಲ ಬಾಯಿತುಂಬ ಕರೆದಾದರೂ ಬಿಡೋಣ ಅನಿಸಿತು ಶ್ಯಾಮಲಳಿಗೆ. ಹೆತ್ತವಳನ್ನು ಹೆಸರು ಹಿಡಿದು ಕರೆಯುವ ಪದ್ಧತಿ ಎಲ್ಲಿದೆ? ಆದರೂ ಗಟ್ಟಿ ಮನಸ್ಸು ಮಾಡಿದಳು.

“ಇಂದ್ರಾಣಿ.”

ಅಮ್ಮ ಹುಲ್ಲು ಹರಡುತ್ತಲೇ ಇದ್ದಳು. ಕೇಳಿಸಲಿಲ್ಲವೇನೋ ಎಂದು ಶ್ಯಾಮಲ ಇನ್ನೆರಡು ಹೆಜ್ಜೆ ಹತ್ತಿರ ಹೋಗಿ, ದನಿ ಎತ್ತಿ ಕರೆದಳು.

“ಇಂದ್ರಾಣಿ.”

ಹಸು ತಲೆಯೆತ್ತಿ ನೋಡಿತು. ಅಮ್ಮ ನೋಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮುನಿಲಕ್ಷ್ಮಿ ಹಾಲಿನ ಕ್ಯಾನು ಹಿಡಿದು ದೂರದ ರಸ್ತೆಯಲ್ಲಿ ಹೋಗುತ್ತ, ಮೆಲ್ಲಗೇ, “ಮುತ್ಯಾಲಕ್ಕಾ, ಡೈರಿಗೆ ಒತ್ತಾಯ್ತು” ಎಂದಳು.

“ಬಂದೆ ಕಣೇ,” ಎಂದು ಅಮ್ಮ ಥಟ್ಟನೆ ತಿರುಗಿದಳು. ತಿರುಗಿದವಳಿಗೆ ಬೆನ್ನ ಹಿಂದೆಯೇ ಬ್ಯಾಗು ಹಿಡಿದು ನಿಂತ ಮಗಳು ಕಂಡಳು. ಹುಲ್ಲಿನ ಕೈ ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು.

“ಯಾವಾಗ್ ಬಂದೆ ಮಗಾ? ಇಂಗ್ ನಿಂತವಳೆ ನೋಡು. ಬಂದೋಳು ಒಂದ್ ಕೂಗಾಕ್ಬಾರ್ದಾ?”