ಒಂಬತ್ತು ಬಲಗಡೆ

ಗನ್ನಿಗೆ ಬಣ್ಣ ಬಳಿದು ಬೀಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಾನು ಆಡುವುದು ಐದು ಜನ ಐದು ಜನರ ಎದುರು ನಿಂತು ಗುಂಡು ಹಾರಿಸುವ ಕಂಪ್ಯೂಟರ್ ಆಟ. ಅದರಲ್ಲಿ ಗನ್ನಿನ ಮೇಲೆ ಹಾಕುವ ಬಣ್ಣದ ಹೊದಿಕೆಗೆ ಸ್ಕಿನ್ ಅನ್ನುತ್ತಾರೆ. ಸ್ಕಿನ್ ಹಾಕಿದರೆ ಗುರಿ ನೆಟ್ಟಗಾಗುವುದಿಲ್ಲ, ಗುಂಡು ಜೋರಾಗಿ ಹಾರುವುದಿಲ್ಲ, ಸಾಯುವವನು ಹೇಗಿದ್ದರೂ ಸಾಯುತ್ತಾನೆ. ಆದರೂ ಅದಕ್ಕಾಗಿ ಪ್ರಾಣ ಬಿಡುವ ಗಂಡಸರನ್ನು ನೋಡಬೇಕಾದರೆ ಅತ್ತಿಗುಪ್ಪೆಯ ಯಾವುದಾದರೂ ಗೇಮಿಂಗ್ ಸೆಂಟರಿಗೆ ಹೋಗಿ ಕೂರಬೇಕು. ಪಂದ್ಯದಲ್ಲಿ ಹೀನಾಯವಾಗಿ ಸೋತ ಮೇಲೂ ಕೈಯಲ್ಲಿರುವ ಚಾಕುವನ್ನು ತಿರುಗಿಸಿ ತಿರುಗಿಸಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿರುತ್ತಾರೆ. ನನ್ನ ಗನ್ನು ಮಾತ್ರ ಆಟದವರು ಕೊಟ್ಟ ಹಾಗೇ ಇದೆ, ಬರೀ ಕಬ್ಬಿಣ ಮತ್ತು ಮರ. ಅದರಲ್ಲೇ ಅವರನ್ನೆಲ್ಲ ಸಾಲಾಗಿ ಮಲಗಿಸುತ್ತೇನೆ.

ವಿಜಯನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವ ಅಮೂಲ್ಯಾ ಮೇಡಂ ಹೀಗೆ ಜನರನ್ನು ಮಲಗಿಸುತ್ತಾಳೆಂದು ಯಾರಿಗೂ ಗೊತ್ತಿಲ್ಲ. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ನಾನು ಹೆಡ್‌ಫೋನ್ ಹಾಕಿಕೊಂಡು ಕೂತರೆ, ಅಮ್ಮ ಅದನ್ನು ಆನ್‌ಲೈನ್ ಟ್ರೈನಿಂಗ್ ಅಂದುಕೊಂಡು ಬಾಗಿಲ ಹೊರಗೆ ಕಾಫಿ ಇಟ್ಟು ಹೋಗುತ್ತಾಳೆ.

ಆ ಭಾನುವಾರ ನಾಣಿ ಮಾವ ಹನ್ನೊಂದನೆಯ ಗಂಡನ್ನು ಕರೆತಂದರು. ನಾಣಿ ಮಾವ ಅಂದರೆ ಅಮ್ಮನ ಅಣ್ಣ. ಅಪ್ಪ ಹೋದ ಮೇಲೆ ನನ್ನ ಮದುವೆ ಮಾಡಿಸುವ ಕೆಲಸ ಅವರದು. ಹಿಂದಿನ ಹತ್ತು ಜನರನ್ನು ನಾನು ಬೇಡ ಅಂದಿದ್ದೆ. ಒಬ್ಬ ನನ್ನ ಸಂಬಳ ಕೇಳಿದ ಧಾಟಿಗೆ, ಒಬ್ಬ ತನ್ನ ಅಮ್ಮನ ಕಡೆ ನೋಡದೆ ಒಂದು ವಾಕ್ಯವನ್ನೂ ಮುಗಿಸಲಾಗದ್ದಕ್ಕೆ, ಒಬ್ಬ ಕೇಸರಿಬಾತು ತಿನ್ನುವಾಗ ಮಾಡಿದ ಸದ್ದಿಗೆ. ಮನೆಯವರು ನನಗೆ ಸೊಕ್ಕು ಅಂದುಕೊಂಡಿದ್ದರು. ನಿಜ, ಸೊಕ್ಕಿದೆ. ಆದರೆ ಒಬ್ಬನಿಗಾದರೂ ಬಾಯ್ತುಂಬ ಹೂಂ ಅನ್ನಬೇಕೆಂಬ ಆಸೆಯೂ ನನಗೆ ಇತ್ತು. ಪ್ರತಿ ಸಲವೂ ಸೀರೆ ಉಟ್ಟುಕೊಂಡಾಗ ಆ ಆಸೆ ಇರುತ್ತಿತ್ತು, ಪ್ರತಿ ಸಲವೂ ತಟ್ಟೆ ತೊಳೆಯುವ ಹೊತ್ತಿಗೆ ಹೋಗಿರುತ್ತಿತ್ತು. ಇದನ್ನು ಅಮ್ಮನಿಗೂ ಹೇಳಿರಲಿಲ್ಲ.

ಹುಡುಗನ ಹೆಸರು ಶ್ರೀರಾಮ್. ಕೆಂಗೇರಿ ಉಪನಗರದವರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು ಫೇಲು ಮಾಡುವ ಕೆಲಸ. ಜೊತೆಗೆ ಅವನ ತಾಯಿ, ತಂಗಿ ತುಂಗಾ. ಮೂರೂವರೆಗೆ ಬಂದರು. ನಾಲ್ಕೂವರೆಗೆ ರಾಹುಕಾಲ, ಅಷ್ಟರೊಳಗೆ ಮಾತು ಮುಗಿಯಬೇಕೆಂದು ನಾಣಿ ಮಾವ ಮೊದಲೇ ಹೇಳಿದ್ದರು. ಹೋಟೆಲಿನಿಂದ ತರಿಸಿದ ಬೋಂಡಾವನ್ನು ಅಮ್ಮ ಮನೆಯಲ್ಲೇ ಮಾಡಿದ್ದೆಂದು ಹೇಳಿದಳು. ಅವನ ತಾಯಿ ನಂಬಿದರು, ಅಥವಾ ನಂಬಿದ ಹಾಗೆ ತಿಂದರು.

"ಮಕ್ಕಳು ಮೇಲೆ ಹೋಗಿ ಐದ್ ನಿಮಿಷ ಮಾತಾಡ್ಕೊಂಡು ಬರ್ಲಿ" ಎಂದರು ನಾಣಿ ಮಾವ.

ಮೇಲೆ ನನ್ನ ಕೋಣೆಯ ಬಾಗಿಲು ತೆರೆದೇ ಇತ್ತು. ಅವನ ಕಣ್ಣು ಪುಸ್ತಕಗಳ ಮೇಲೆ ಬೀಳಲಿಲ್ಲ, ನನ್ನ ಮೇಲೂ ಬೀಳಲಿಲ್ಲ. ಸೀದಾ ಮೇಜಿನ ಮೇಲಿನ ಕೀಬೋರ್ಡು ಮತ್ತು ಮೇಜಿನುದ್ದ ಹಾಸಿದ ಮೌಸ್ ಪ್ಯಾಡಿನ ಮೇಲೆ ಬಿತ್ತು.

"ನೀವು ಆಡ್ತೀರಾ?" ಎಂದ. ಆಟದ ಹೆಸರನ್ನೂ ಹೇಳಿದ.

ನಾನು ಹೌದೆಂದೆ. ಅವನು ನನ್ನ ರ‍್ಯಾಂಕ್ ಕೇಳಿದ, ಹೇಳಿದೆ. ಅವನ ಮುಖದಲ್ಲಿ ಭಕ್ತಿ ಮೂಡಿತು. ಅವನದು ಕೇಳಿದೆ. ನನ್ನ ಕಾಲೇಜಿನ ಅಟೆಂಡರ್ ಎಡಗೈಯಲ್ಲಿ ಆಡಿದರೂ ಅದಕ್ಕಿಂತ ಮೇಲೆ ಹೋಗುತ್ತಾನೆ.

"ನಾನು ಆಡೋದು ಕಮ್ಮಿ. ಟ್ರೇಡ್-ಅಪ್ ಮಾಡ್ತೀನಿ" ಎಂದ, ಏನೋ ಉದ್ಯೋಗ ಹೇಳುವವನ ಹಾಗೆ.

ನನಗೆ ಅಲ್ಲೇ ಸಾಕಾಯಿತು. ಕ್ರಿಕೆಟ್ ಆಡದೆ ಬ್ಯಾಟಿನ ಸ್ಟಿಕರ್ ಮಾತ್ರ ಕೂಡಿಸುವ ಜಾತಿ. ಟ್ರೇಡ್-ಅಪ್ ಎಂದರೆ ಇಷ್ಟೇ: ಕೆಳದರ್ಜೆಯ ಹತ್ತು ಸ್ಕಿನ್‌ಗಳನ್ನು ಆಟಕ್ಕೆ ಒಪ್ಪಿಸಬೇಕು. ಹತ್ತೂ ಮಾಯವಾಗುತ್ತವೆ, ಬದಲಿಗೆ ಮೇಲಿನ ದರ್ಜೆಯದೊಂದು ಬರುತ್ತದೆ. ಯಾವುದು ಬರುತ್ತದೆಂದು ಮೊದಲೇ ಗೊತ್ತಾಗುವುದಿಲ್ಲ; ಯಾವ ಸೆಟ್ಟಿನವನ್ನು ಹೆಚ್ಚು ಹಾಕಿದ್ದೇವೋ ಅದೇ ಸೆಟ್ಟಿನದು ಬರುವ ಸಂಭವ ಹೆಚ್ಚು, ಅಷ್ಟೇ. ಚೆನ್ನಾದ್ದೂ ಬರಬಹುದು, ಕೈಗೆ ಅಂಟಿದರೆ ಒರೆಸಿಕೊಳ್ಳಬೇಕು ಅನ್ನಿಸುವಂಥದ್ದೂ ಬರಬಹುದು. ಹತ್ತು ಗಂಡುಗಳನ್ನು ಕೊಟ್ಟು ಈ ಹನ್ನೊಂದನೆಯವನನ್ನು ಪಡೆದ ನಾಣಿ ಮಾವನೂ ಮಾಡಿದ್ದು ಅದೇ ಅನ್ನಿಸಿ ನಗು ಬಂತು.

"ಯಾಕ್ ನಗ್ತಿದೀರಾ?"

"ಏನಿಲ್ಲ. ಅದ್ರಿಂದ ಏನ್ ಸಿಗುತ್ತೆ ನಿಮಗೆ?"

ಅವನು ಕೀಬೋರ್ಡಿನ ಮೇಲೆ ಬೆರಳಾಡಿಸಿದ. ಆಮೇಲೆ ಹೇಳಿದ. "ನಮ್ಮಮ್ಮ ಏನೇ ಮಾಡ್ಬೇಕಾದ್ರೂ ದೇವ್ರ ಹತ್ರ ಹೂ ಕೇಳ್ತಾರೆ. ಬಲಗಡೆ ಹೂ ಬಿದ್ರೆ ಆಗುತ್ತೆ, ಎಡಗಡೆ ಬಿದ್ರೆ ಬೇಡ ಅಂತ. ನಾನು ಇದ್ರಲ್ಲಿ ಕೇಳ್ತೀನಿ. ಒಂದ್ ಚೆನ್ನಾಗಿರೋ ಸೆಟ್ಟಿಂದ ಐದು, ಒಂದ್ ದರಿದ್ರ ಸೆಟ್ಟಿಂದ ಐದು ಹಾಕ್ತೀನಿ. ಚೆನ್ನಾಗಿರೋದು ಬಂದ್ರೆ ಬಲಗಡೆ."

"ಏನ್ ಕೇಳ್ತೀರಾ?"

"ಕೆಲ್ಸ ಬಿಡ್ಲಾ ಅಂತ ಕೇಳಿದ್ದೆ. ಎಡಗಡೆ ಬಂತು, ಬಿಡ್ಲಿಲ್ಲ. ಬ್ಯಾಡರಹಳ್ಳೀಲಿ ಸೈಟ್ ತಗೊಳ್ಳೋದಾ ಅಂತ ಕೇಳಿದ್ದೆ. ಅದೂ ಎಡಗಡೆ."

"ಅದು ಹೇಳಿದ ಹಾಗೇ ಕೇಳ್ಬಿಡ್ತೀರಾ?"

"ಇದುವರೆಗೂ ಒಂದ್ ಸಲಾನೂ ಮೀರಿಲ್ಲ."

ಹಗಲೆಲ್ಲ ಕಬ್ಬಿಣದ ತುಂಡನ್ನು ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ಫೇಲು ಮಾಡುವವನು, ತನ್ನ ಬಾಳನ್ನು ನಾಣ್ಯ ಚಿಮ್ಮಿದ ಹಾಗೆ ಅದೃಷ್ಟಕ್ಕೆ ಬಿಟ್ಟು ಕೂತಿದ್ದಾನೆ. ನನ್ನ ಎರಡನೇ ವರ್ಷದ ತರಗತಿಯಲ್ಲಿ ಯಾರಾದರೂ ಇಂಥ ಉತ್ತರ ಬರೆದರೆ ಹಾಳೆಯನ್ನು ಇಡೀ ಕ್ಲಾಸಿಗೆ ಓದಿ ತೋರಿಸುತ್ತೇನೆ. ಇವನನ್ನೂ ಕೆಳಗೆ ಕರೆದುಕೊಂಡು ಹೋಗಿ ಎಲ್ಲರ ಮುಂದೆ ಓದಿ ತೋರಿಸಬೇಕೆನ್ನಿಸಿತು.

"ಹಾಗಾದ್ರೆ ನನ್ನ ಬಗ್ಗೇನೂ ಕೇಳಿದೀರಾ?" ಎಂದೆ, ಚುಚ್ಚಲೆಂದೇ.

"ಇವತ್ತು ರಾತ್ರಿ ಮನೇಗ್ ಹೋಗಿ ಕೇಳೋಣ ಅಂತಿದ್ದೆ" ಎಂದ. ಅವನ ಕಿವಿ ಕೆಂಪಾಗಿತ್ತು.

"ಇಲ್ಲೇ ಕೇಳಿ. ಕಂಪ್ಯೂಟರ್ ಇದೆಯಲ್ಲ."

ಅವನು ತಮಾಷೆ ಎಂದುಕೊಳ್ಳಲಿಲ್ಲ. ಕುರ್ಚಿಯಲ್ಲಿ ಕೂತು, ಫೋನಿನಿಂದ ಸ್ಕ್ಯಾನ್ ಮಾಡಿ ತನ್ನ ಖಾತೆ ತೆರೆದ. ಪರದೆಯ ಮೇಲೆ ಅವನ ಸಂಪತ್ತೆಲ್ಲ ಹರಡಿತು. ಆರತಿ ತಟ್ಟೆ ಜೋಡಿಸುವ ಶ್ರದ್ಧೆಯಿಂದ ಒಂದೊಂದನ್ನೇ ಆರಿಸಿ ಇಟ್ಟ. ನೀಲಿ ಹೂಗಳಿದ್ದ ಚೆನ್ನಾದ ಸೆಟ್ಟಿನಿಂದ ಐದು, ಕೆಸರು ಬಣ್ಣದ ಸೆಟ್ಟಿನಿಂದ ಐದು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಮೂವತ್ತೆರಡು ವರ್ಷದ ಗಂಡಸಿನ ನೆತ್ತಿಯನ್ನು ಇಷ್ಟು ಹತ್ತಿರದಿಂದ ನೋಡಿ ನನಗೆ ಅಭ್ಯಾಸವಿರಲಿಲ್ಲ.

ಹತ್ತೂ ಇಟ್ಟ ಮೇಲೆ ಅವನು ಬಟನ್ ಒತ್ತಲಿಲ್ಲ. ಆಮೇಲೆ ಕೆಸರು ಬಣ್ಣದ್ದೊಂದನ್ನು ತೆಗೆದು, ಆ ಜಾಗಕ್ಕೆ ನೀಲಿಯದೊಂದನ್ನು ಇಟ್ಟ. ಇನ್ನೊಂದು ತೆಗೆದ. ಮತ್ತೊಂದು. ನಾಲ್ಕು ಬದಲಾಯಿಸಿ ನಿಲ್ಲಿಸಿದ. ಈಗ ಒಂಬತ್ತು ನೀಲಿ, ಒಂದೇ ಒಂದು ಕೆಸರು.

"ಇದೇನು?" ಎಂದೆ.

"ಒಂಬತ್ತು ಬಲಗಡೆ" ಎಂದ, ತಿರುಗಿ ನೋಡದೆ.

"ದೇವರಿಗೆ ಲಂಚ ಕೊಡ್ತಿದೀರಾ?"

"ಹೂಂ. ನಂಗೆ ಈ ಸಲ ಬಲಗಡೇನೇ ಬೇಕು."

ಹತ್ತು ಗಂಡುಗಳಲ್ಲಿ ಒಬ್ಬನೂ ನನಗೆ ಇಂಥ ಮಾತು ಹೇಳಿರಲಿಲ್ಲ. ಸಂಬಳ ಕೇಳಿದವರಿದ್ದರು, ಅಡುಗೆ ಕೇಳಿದವರಿದ್ದರು, ನನ್ನ ಎತ್ತರವನ್ನು ಕಣ್ಣಲ್ಲೇ ಅಳೆದವರಿದ್ದರು. ನಾನು ಬೇಕೆಂದು ಹೇಳಿದವರಿರಲಿಲ್ಲ. ನನಗೆ ಅವನು ಇಷ್ಟವಾದ. ಸ್ಕಿನ್ ಕೂಡಿಸುವ, ಆಡಲು ಬಾರದ ಈ ಹೆಡ್ಡ ನನಗೆ ಇಷ್ಟವಾದ. ಕೆಳಗೆ ಹೋಗಿ ಹೂಂ ಅನ್ನುವುದೆಂದು ಅಷ್ಟರಲ್ಲೇ ತೀರ್ಮಾನ ಮಾಡಿದ್ದೆ. ನಾಣಿ ಮಾವ ಬೋಂಡಾ ಕೈಯಲ್ಲಿ ಹಿಡಿದುಕೊಂಡೇ ಕುಣಿಯುವುದನ್ನೂ ಕಲ್ಪಿಸಿಕೊಂಡೆ.

"ನೀವೇ ಒತ್ತಿ" ಎಂದು ಮೌಸನ್ನು ನನ್ನ ಕಡೆ ಸರಿಸಿದ. ಒತ್ತಿದೆ.

ಕೆಸರು ಬಂತು.

ಹತ್ತರಲ್ಲಿ ಒಂದು ಬರುವುದೇನೂ ಪವಾಡವಲ್ಲ, ನಾನು ಅದನ್ನೇ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವಳು. ಆದರೂ ಅವನು ನಕ್ಕುಬಿಡಲಿ, ಹೋಗ್ಲಿ ಬಿಡಿ ಅನ್ನಲಿ ಎಂದು ಕಾದೆ. ಅವನು ನಗಲಿಲ್ಲ. ಪರದೆಯ ಮೇಲೆ ನಿಧಾನವಾಗಿ ತಿರುಗುತ್ತಿದ್ದ ಆ ಕೊಳಕು ಬಂದೂಕನ್ನು ನೋಡುತ್ತಲೇ ಕೂತ. ಆಮೇಲೆ ಲಾಗೌಟ್ ಮಾಡಿ, ಎದ್ದು ಬಾಗಿಲ ಹತ್ತಿರ ಹೋಗಿ, ನನಗೆ ಬೆನ್ನು ಮಾಡಿಕೊಂಡು ಫೋನಿನಲ್ಲಿ ಏನೋ ಟೈಪ್ ಮಾಡಿದ.

"ಈಗೇನು?" ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕಳೆದುಹೋದ ಹತ್ತು ಸ್ಕಿನ್ನಿಗೆ ಯಾವನ ಹತ್ತಿರವೋ ಗೋಳು ತೋಡಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಒಂದು ಸಲಾನೂ ಮೀರದವನು, ಈಗ ಮೀರುತ್ತಾನೆಯೇ?

"ಕೆಳಗೆ ಹೋಗೋಣ್ವಾ? ಟೈಮಾಯ್ತು" ಎಂದ.

ಮೆಟ್ಟಿಲಿಳಿಯುವಾಗ ನನಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಅವನ ತಾಯಿ ಸೆರಗು ಸರಿಪಡಿಸಿಕೊಂಡು "ಮನೇಗ್ ಹೋಗಿ ತಿಳಿಸ್ತೀವಿ" ಅನ್ನುತ್ತಾರೆ. ಹಾಗಂದರೆ ಬೇಡ ಎಂದು ಇಡೀ ಕರ್ನಾಟಕಕ್ಕೆ ಗೊತ್ತು. ಅಮ್ಮ ಫೋನಿಗಾಗಿ ವಾರವಿಡೀ ಕಾಯುತ್ತಾಳೆ. ಹತ್ತು ಜನರನ್ನು ಬೇಡವೆಂದ ನನ್ನನ್ನು ಒಂದು ಕೆಸರು ಬಣ್ಣದ ಬಂದೂಕು ಬೇಡವೆಂದ ಹಾಗಾಗುತ್ತದೆ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

"ಏನಮ್ಮಾ, ಮಾತಾಡ್ಕೊಂಡ್ರಾ?" ಎಂದರು ನಾಣಿ ಮಾವ. ಅವನ ತಾಯಿ ಏನೋ ಹೇಳಲು ಬಾಯಿ ತೆರೆದರು.

"ಈ ಸಂಬಂಧ ಬೇಡ ಮಾವ" ಎಂದೆ, ಅವರ ಮಾತಿಗೆ ಅಡ್ಡಬಂದು. "ಬೊಂಬೆ ಇಟ್ಕೊಂಡು ಆಡೋರನ್ನ ಕಟ್ಕೊಂಡು ಸಾಕೋಕೆ ನನ್ ಕೈಲಾಗಲ್ಲ."

ಅಮ್ಮ ಕಾಫಿ ಲೋಟಗಳನ್ನು ಎತ್ತಲೋ ಬೇಡವೋ ಎಂದು ನಿಂತಳು. ಶ್ರೀರಾಮ್ ನನ್ನನ್ನು ಒಮ್ಮೆ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಆಗ ಅರ್ಥವಾಗಲಿಲ್ಲ. "ಬರ್ತೀವಿ ಸಾರ್" ಎಂದು ಮಾವನಿಗೆ ಕೈ ಮುಗಿದು ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡ. ತಾಯಿಯನ್ನು ಕೈಹಿಡಿದು ಗೇಟಿನ ಮೆಟ್ಟಿಲು ಇಳಿಸಿದ.

ತುಂಗಾ ಮಾತ್ರ ಹಿಂದೆ ಉಳಿದಳು. ಇಪ್ಪತ್ತೆರಡರ ಹುಡುಗಿ, ಅಣ್ಣನಿಗಿಂತ ಚುರುಕು. ಹೊಸಿಲ ಹತ್ತಿರ ನಿಂತು ತನ್ನ ಫೋನನ್ನು ನನ್ನ ಮುಖದೆದುರು ಹಿಡಿದಳು.

"ನೀವು ಕೆಳಗೆ ಬರೋಕ್ ಮುಂಚೆ ಅಣ್ಣ ನಂಗೆ ಕಳ್ಸಿದ್ದ. ನಾನು ಅಮ್ಮಂಗೆ ಹೇಳ್ದೆ, ಅಮ್ಮ ನಿಮ್ ಮಾವಂಗೆ ಹೇಳೋಕೇ ಹೊರಟಿದ್ರು. ನೀವ್ ಓದ್ಬೇಕು ಅಂತ ತೋರಿಸ್ತಿದೀನಿ, ಅಷ್ಟೇ."

ನಾಲ್ಕು ಗಂಟೆ ಹನ್ನೆರಡು ನಿಮಿಷದ ಮೆಸೇಜು. "ಎಡಗಡೆ ಬಂತು. ಆದ್ರೂ ನಂಗೆ ಒಪ್ಪಿಗೆ. ಅಮ್ಮಂಗೆ ಹೇಳು. ಮನೇಗ್ ಹೋಗಿ ಹೂ ಕೇಳೋದು ಬೇಡ ಅಂತಾನೂ ಹೇಳು."

ಎರಡು ಸಲ ಓದಿದೆ. ಅವಳು ಫೋನು ತೆಗೆದುಕೊಂಡು ಹೋದಳು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು, ಒಂದು, ಎರಡು, ಮೂರು. ಓಡಿಹೋಗಿ ನಿಲ್ಲಿಸಬಹುದಿತ್ತು, ಗೇಟು ಹತ್ತು ಹೆಜ್ಜೆ ದೂರ. ಅಂಥವರ ಹಿಂದೆ ಓಡುವವಳಲ್ಲ ನಾನು ಎಂಬ ಸೊಕ್ಕು ಕಾಲನ್ನು ಅಲ್ಲೇ ಹಿಡಿದು ನಿಲ್ಲಿಸಿತು.

ನಾಣಿ ಮಾವ ನಿಟ್ಟುಸಿರಿಟ್ಟು, "ಇವನೂ ಸರಿಯಿಲ್ವೇನಮ್ಮಾ?" ಎಂದರು.

"ಸರಿಯಿದ್ದ ಮಾವ" ಎಂದೆ. ಬಂದೂಕಿನ ಮಾತನ್ನು ಮೀರಿ ಅವನು ಕೆಳಗೆ ಇಳಿದು ಬಂದಿದ್ದ. ಆ ಮಾತು ಕೇಳಿ ಇಳಿದವಳು ನಾನು.