ಹೋಗಿದೆ ಎಂದು ತೋರಿಸಿದ ಮೆಸೇಜು

ಕಾರವಾರದ ಡಾಕ್ಟರ್ ಕೌಶಿಕರ ಹೆರಿಗೆ ಆಸ್ಪತ್ರೆಯ ಕೌಂಟರಿನಲ್ಲಿ ಹರಿಣಿ ಕೂತಳೆಂದರೆ ಡಾಕ್ಟರೂ ಸ್ವಲ್ಪ ಮೆತ್ತಗೇ ಮಾತಾಡಬೇಕು. ಕದ್ವಾಡದಿಂದ ಸ್ಕೂಟರಿನಲ್ಲಿ ಎಂಟಕ್ಕೆ ಸರಿಯಾಗಿ ಬಂದುಬಿಡುತ್ತಿದ್ದಳು. ಟೋಕನ್ನು, ಬಿಲ್ಲು, ರಿಪೋರ್ಟು ಎಲ್ಲ ಅವಳ ಬೆರಳ ತುದಿಯಲ್ಲಿ. ಒಂದೇ ಒಂದು ಕೆಲಸ ಅವಳಿಗೆ ಆಗಿಬರುತ್ತಿರಲಿಲ್ಲ, ಅದು ಹಳ್ಳಿಯವರಿಗೆ ಫೋನು ಮಾಡುವುದು. ಅಂಕೋಲೆಯ ಒಳಗಿನ ಊರುಗಳಿಗೆ ಒಂದು ಮಾತು ದಾಟಿಸಬೇಕಾದರೆ ಹತ್ತು ಸಲ ಹಲೋ ಎನ್ನಬೇಕು. ನೆಟ್‌ವರ್ಕ್ ಸಿಕ್ಕಿತೆನ್ನುವಾಗ ಗಂಡ ಗದ್ದೆಯಲ್ಲಿ, ಹೆಂಡತಿ ಹೊಳೆಯಲ್ಲಿ. ಹಾಗಾಗಿ ರಿಪೋರ್ಟಿನಲ್ಲಿ ಏನಾದರೂ ಕಂಡರೆ ಕೂಡಲೇ ತಾನಾಗಿಯೇ ಮೆಸೇಜ್ ಕಳಿಸುವ ವ್ಯವಸ್ಥೆಯನ್ನು ಡಾಕ್ಟರು ಕಂಪ್ಯೂಟರಿಗೆ ಹಾಕಿಸಿದಾಗ ಹರಿಣಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಂದಿನಿಂದ ಫೋನು ಮಾಡುವುದನ್ನು ಬಿಟ್ಟೇಬಿಟ್ಟಳು.

ಅದನ್ನು ಜೋಡಿಸಿಕೊಟ್ಟ ರೋಷನ ಹೊರಡುವ ಮುಂಚೆ ಒಂದು ಫಾರ್ಮು ಅವಳ ಮುಂದಿಟ್ಟ. “ಮೇಡಂ, ಮೊದ್ಲು ಆಸ್ಪತ್ರೆ ಹೆಸರನ್ನ ರಿಜಿಸ್ಟರ್ ಮಾಡ್ಸಬೇಕು. ಮೆಸೇಜಲ್ಲಿ ಎಂತ ಬರೀತೀರಿ ಅನ್ನೂದನ್ನೂ ತೋರ್ಸಿ ಒಪ್ಗೆ ತಕೊಬೇಕು.”

“ನಮ್ಮ ಪೇಷಂಟಿಗೆ ನಾವು ಮೆಸೇಜ್ ಮಾಡೂಕೆ ಯಾರ ಒಪ್ಗೆ ಮಾರಾಯಾ?”

“ಬ್ಯಾಂಕು, ಆಸ್ಪತ್ರೆ ಅಂತ ಸುಳ್ಳು ಹೆಸರು ಹಾಕಿ ಎಷ್ಟು ಜನಕ್ಕೆ ಟೋಪಿ ಹಾಕ್ತಾರೆ ಗೊತ್ತುಂಟಲ್ಲ. ಅದ್ಕೇ ಈ ಕಾನೂನು. ರಿಜಿಸ್ಟರ್ ಇಲ್ದೆ ಕಳ್ಸಿದ್ರೆ ಮೊಬೈಲ್ ಕಂಪನಿಯವ್ರು ನಡುವೇ ತಡೀತಾರೆ. ನಿಮ್ಮ ಕಂಪ್ಯೂಟರಲ್ಲಿ ‘ಹೋಗಿದೆ’ ಅಂತ ಹಸಿರು ಗುರುತು ಬತ್ತದೆ, ಅವ್ರ ಫೋನಿಗೆ ಎಂತದೂ ಬರೂದಿಲ್ಲ.”

ಇಷ್ಟು ಬಿಡಿಸಿ ಹೇಳಿದ ಪುಣ್ಯಾತ್ಮ. ಇನ್ನೇನು ಕಲ್ಲಿನ ಮೇಲೆ ಕೆತ್ತಿಸಿ ಕೊಡಬೇಕಿತ್ತೇ? ಫಾರ್ಮಿಗೆ ಡಾಕ್ಟರ ಸಹಿ ಬೇಕಿತ್ತು, ಪ್ಯಾನ್ ಕಾರ್ಡಿನ ಪ್ರತಿ ಬೇಕಿತ್ತು, ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬೇಕಿತ್ತು. ಡಾಕ್ಟರು “ನೀನೇ ನೋಡ್ಕೊ” ಎಂದು ಕೈತೊಳೆದುಕೊಂಡರು. ನಾಳೆ ನೋಡಿದರಾಯಿತೆಂದು ಹರಿಣಿ ಅದನ್ನು ಡ್ರಾವರಿಗೆ ತುರುಕಿದಳು. ಆ ನಾಳೆ ಐದು ತಿಂಗಳಾದರೂ ಬರಲಿಲ್ಲ. ಪರದೆಯ ಮೇಲೆ ಮಾತ್ರ ದಿನಾ ಹಸಿರು ಗುರುತು ಬೀಳುತ್ತಿತ್ತು. ಅದನ್ನೇ ನೋಡಿ ನೋಡಿ, ಎಲ್ಲ ಸರಿಯಾಗಿ ಹೋಗುತ್ತಿದೆ ಎಂದು ಅವಳಿಗೂ ಅನ್ನಿಸತೊಡಗಿತು. ತನಗೆ ಬೇಕಾದದ್ದನ್ನು ನಂಬುವುದಕ್ಕೆ ಮನುಷ್ಯರಿಗೆ ಎಷ್ಟು ಹೊತ್ತು ಬೇಕು ಹೇಳಿ.

ಆ ತಿಂಗಳುಗಳಲ್ಲೇ ಅಗಸೂರಿನ ಪೂಜಾ ಅಲ್ಲಿ ಹೆತ್ತಳು. ಚೊಚ್ಚಲು, ಹೆಣ್ಣು ಮಗು. ಹುಟ್ಟಿದ ಎಲ್ಲ ಮಕ್ಕಳಿಗೂ ಮಾಡುವಂತೆ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದರು. ಮನೆಗೆ ಹೊರಟ ತಾಯಿಗೆ ಹರಿಣಿ ಹೇಳಿದಳು, “ರಿಪೋರ್ಟಲ್ಲಿ ಎಂತಾದ್ರೂ ಇದ್ರೆ ಮೆಸೇಜ್ ಬತ್ತದೆ. ಬರದಿದ್ರೆ ಎಲ್ಲ ಸರಿ ಉಂಟು ಅಂತ ತಿಳ್ಕೊಳ್ಳಿ.”

ಮೆಸೇಜ್ ಬರಲಿಲ್ಲ, ಅವರೂ ಹಾಗೇ ತಿಳಿದುಕೊಂಡರು. ಮಗು ಅಳುತ್ತಿರಲಿಲ್ಲ, ರಚ್ಚೆ ಹಿಡಿಯುತ್ತಿರಲಿಲ್ಲ, ಹಾಲಿಗೂ ಎಬ್ಬಿಸಬೇಕು. ಎಷ್ಟು ಪಾಪದ ಕೂಸು ಎಂದು ಕೇರಿಯೆಲ್ಲ ಹೊಗಳಿತು. ಅತ್ತೆ ಸೋಮಿ ವಾರಕ್ಕೆರಡು ಸಲ ದೃಷ್ಟಿ ತೆಗೆದಳು. ನಾಲ್ಕು ತಿಂಗಳಾಗುವ ಹೊತ್ತಿಗೆ, ಚುಚ್ಚುಮದ್ದು ಹಾಕಲು ಬಂದ ನರ್ಸು ಮಗುವಿನ ಊದಿದ ಮುಖ, ಹೊರಚಾಚಿದ ನಾಲಗೆ ನೋಡಿ, ಇವತ್ತೇ ಕಾರವಾರಕ್ಕೆ ಹೋಗಿ ಎಂದು ಬಸ್ಸು ಹತ್ತಿಸಿದಳು.

ಡಾಕ್ಟರು ಮಗುವನ್ನು ಮುಟ್ಟಿ ನೋಡಿದರು. ಅವರ ಮುಖ ಕಪ್ಪಿಟ್ಟಿತು. ಕೌಂಟರಿಗೇ ಬಂದು ಹಳೆಯ ರಿಪೋರ್ಟು ತೆಗೆಸಿದರು. ಮಗುವಿನ ಮೈಯಲ್ಲಿ ಥೈರಾಯ್ಡ್ ರಸ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ರಿಪೋರ್ಟು ಹುಟ್ಟಿದ ಎಂಟನೇ ದಿನಕ್ಕೇ ಬಂದಿತ್ತು. ಕೆಳಗೆ ‘ತಕ್ಷಣ ಬನ್ನಿ’ ಎಂಬ ಮೆಸೇಜು, ಅದರ ಪಕ್ಕ ಹಸಿರು ಗುರುತು. ಅಂದೇ ದಿನಕ್ಕೊಂದು ಸಣ್ಣ ಮಾತ್ರೆ ಶುರುಮಾಡಿದ್ದರೆ ಈ ಮಗು ಎಲ್ಲರ ಹಾಗೆ ಬೆಳೆದು ಶಾಲೆಗೆ ಹೋಗುತ್ತಿತ್ತು. ಈಗ ಕೊಟ್ಟರೆ ಮೈ ಬೆಳೆದೀತು, ಬುದ್ಧಿಗೆ ತಗುಲಿದ ಪೆಟ್ಟು ಪೂರ್ತಿ ಮಾಯುವುದಿಲ್ಲ.

“ಆ ರಿಜಿಸ್ಟರ್ ಮಾಡ್ಸಿದ್ಯಲ್ಲ?” ಡಾಕ್ಟರು ಪಿಸುಗುಟ್ಟಿದರು.

ಹರಿಣಿಯ ಕಣ್ಣು ಡ್ರಾವರಿನ ಕಡೆ ಹೋಯಿತು, ಅಷ್ಟೇ. ಡಾಕ್ಟರಿಗೆ ಅಷ್ಟು ಸಾಕಾಯಿತು. ಒಂದು ಗಳಿಗೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅವರು ಪರದೆಯನ್ನು ಪೂಜಾಳತ್ತ ತಿರುಗಿಸಿದರು.

“ನೋಡಮ್ಮ, ನಾವು ಮೆಸೇಜ್ ಕಳ್ಸಿದ್ದೆವು. ನೀವೇ ಬರಲಿಲ್ಲ.”

“ನಮ್ಗೆ ಬರ್ಲೇ ಇಲ್ಲ ಸರ್,” ಎಂದಳು ಪೂಜಾ.

“ಇಲ್ಲಿ ತಾರೀಕು ಸಮೇತ ಉಂಟಲ್ಲ. ಹರಿಣಿ, ಹೋಗಿದೆ ಅಲ್ವಾ?”

ನಿಜ ಹೇಳಿದರೆ ಕೆಲಸ ಹೋಯಿತು, ಕಟಕಟೆ ಹತ್ತುವುದಾಯಿತು, ಕದ್ವಾಡದಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಇಷ್ಟೆಲ್ಲ ಲೆಕ್ಕ ಹಾಕುವುದಕ್ಕೆ ಹರಿಣಿಗೆ ಒಂದು ಉಸಿರು ಸಾಕಾಯಿತು. ಮಗುವಿನ ಲೆಕ್ಕ ಅದರಲ್ಲಿ ಬರಲೇ ಇಲ್ಲ.

“ಹೌದು ಸರ್. ಹೋಗಿದೆ,” ಎಂದಳು.

ಜೊತೆಗೆ ಬಂದಿದ್ದ ಸೋಮಿ ಸೊಸೆಯ ಕಡೆ ತಿರುಗಿದಳು. “ಬೆಳಗಾದ್ರೆ ಫೋನು ನಿನ್ನ ಕೈಯಲ್ಲೇ ಇರ್ತದೆ. ಎಂತ ನೋಡ್ತಿದ್ದೆ ಅದ್ರಲ್ಲಿ?”

ಪೂಜಾ ಫೋನು ತೆಗೆದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದಳು. ಅವಳ ಕೈ ನಿಂತಿತು. “ಫೋನು ತುಂಬಿಹೋಗಿತ್ತು ಅತ್ತೆ. ಪಾಪುದು ಫೋಟೋ ತೆಗೂಕೆ ಜಾಗ ಇರ್ಲಿಲ್ಲ. ಹಳೇ ಮೆಸೇಜೆಲ್ಲ ಒಟ್ಟಿಗೇ ಅಳ್ಸಿದ್ದೆ ನಾನು. ಅದ್ರಲ್ಲೇ ಹೋಗಿರ್ಬೇಕು.”

ಸೋಮಿ ಎಲ್ಲರೆದುರೇ ಅವಳ ಕೆನ್ನೆಗೆ ಬಾರಿಸಿ, ಮಗುವನ್ನು ಕಸಿದುಕೊಂಡು ದೂರದ ಬೆಂಚಿಗೆ ಹೋಗಿ ಕೂತಳು. ಬರೆಯಲಿಕ್ಕೂ ನಾಚಿಕೆಯಾಗುತ್ತದೆ, ಆ ಹೊಡೆತದ ಸದ್ದು ಕೇಳಿ ಹರಿಣಿಗೆ ಆದದ್ದು ನಿರಾಳ. ಎದೆಯ ಮೇಲಿನ ಕಲ್ಲು ಇಳಿಯಿತು. ಎದ್ದು ಹೋಗಿ ಪೂಜಾಳಿಗೆ ಒಂದು ಲೋಟ ನೀರು ಬೇರೆ ತಂದುಕೊಟ್ಟಳು.

ಪೂಜಾ ನೀರು ಕುಡಿಯಲಿಲ್ಲ. ಮಾತ್ರೆಯ ಚೀಟಿ ಇಸಿದುಕೊಂಡು ಕೌಂಟರಿನೆದುರೇ ನಿಂತಿದ್ದಳು.

“ಮೇಡಂ, ಅಂದು ನಾನು ಅದನ್ನ ಓದಿದ್ರೆ ನನ್ನ ಮಗು ಸರಿ ಆಗ್ತಿತ್ತಾ?”

ಆಗಲಾದರೂ ಹೇಳಬಹುದಿತ್ತು. ಹತ್ತಿರ ಯಾರೂ ಇರಲಿಲ್ಲ.

“ಹೌದು, ಆಗ್ತಿತ್ತು,” ಎಂದಳು ಹರಿಣಿ. “ಇನ್ನು ಮೇಲಾದ್ರೂ ಮೆಸೇಜ್ ಬಂದ್ರೆ ಸರಿಯಾಗಿ ಓದ್ಬೇಕು.”

ಪೂಜಾ ತಲೆಯಾಡಿಸಿದಳು. “ಓದ್ತೆ ಮೇಡಂ,” ಎಂದಳು.