ನಡುಬಾಗಿಲ ಚಿಲಕ

"ನಿನ್ನ ಹೊಲಿಗೆಯವರು ತುಳ್ಕೊಂಡು ಓಡಾಡೋಕೆ ನನ್ನ ಅಡುಗೆಮನೆ ಏನು ಸಂತೆಬೀದಿನಾ?" ತಮ್ಮ ಅರಚಿದ.

"ಬೆಂಕಿ ಬಿದ್ರೆ ಮಾತ್ರ ಕಣೋ! ನಿನ್ನ ಹೆಂಡ್ತಿ ಪಾತ್ರೆ ಮುಚ್ಚಳ ತೆಗೆದು ನೋಡೋಕೆ ಯಾರೂ ಬರಲ್ಲ," ಅಕ್ಕನೂ ಬಿಡಲಿಲ್ಲ.

ಅಪ್ಪ ಇಬ್ಬರಿಗೂ ಬಿಟ್ಟುಹೋದ ಹಳೇ ಕಾಲದ ಕಟ್ಟಡ ಅದು. ಕೆಳಗೆ ಮರದ ಸಾಮಾನಿಗೆ ಪಾಲಿಷ್ ಹೊಡೆಯುವ ತಮ್ಮನ ಅಂಗಡಿ. ಮೇಲೆ ಮುಂದಿನ ಅರ್ಧ ಅಕ್ಕನ ಹೊಲಿಗೆ ಅಂಗಡಿ, ಹಿಂದಿನ ಅರ್ಧ ತಮ್ಮನ ಸಂಸಾರ, ಎರಡರ ಮಧ್ಯೆ ಒಂದು ನಡುಬಾಗಿಲು. ಹೊಲಿಗೆಯವರಿಗೆ ಇದ್ದದ್ದು ಒಂದೇ ಮರದ ಮೆಟ್ಟಿಲು, ಅದೂ ಪಾಲಿಷ್ ಡಬ್ಬಗಳ ನೆತ್ತಿಯ ಮೇಲೆ. ಹಿತ್ತಲಿಗೆ ಇಳಿಯುವ ಕಲ್ಲಿನ ಮೆಟ್ಟಿಲು ತಮ್ಮನ ಅಡುಗೆಮನೆಯ ಆಚೆಗಿತ್ತು.

ತಪಾಸಣೆಗೆ ಬಂದಿದ್ದ ಅಗ್ನಿಶಾಮಕ ಅಧಿಕಾರಿ ನಡುವೆ ಬಾಯಿ ಹಾಕಿದರು. "ಪುರಾತನ ಕಟ್ಟಡ, ಹೊರಗೋಡೆ ಒಡೆದು ಬೇರೆ ಮೆಟ್ಟಿಲು ಕಟ್ಟೋ ಹಾಗಿಲ್ಲ. ಕೆಳಗೆ ಹೊತ್ಕೊಂಡ್ರೆ ಈ ಮೆಟ್ಟಿಲೇ ಹೊಗೆಕೊಳವೆ. ನಡುಬಾಗಿಲು ಬಿಟ್ಕೊಡಿ, ಚಿಲಕ ಕಿತ್ತುಹಾಕಿ."

"ಬಾಗಿಲು ಬಿಡ್ತೀನಿ. ಚಿಲಕ ಮಾತ್ರ ನನ್ನ ಕಡೆ ಇರುತ್ತೆ. ಕಳ್ಳಕಾಕರು ನುಗ್ಗಿದ್ರೆ ನೀವು ಬಂದು ಕಾಯ್ತೀರಾ ಸಾರ್? ಬೆಂಕಿ ಬಿದ್ರೆ ಬಡೀಲಿ, ತೆಗೀತೀನಿ."

"ಹಾಗಾದ್ರೆ ಈಗಲೇ ನೋಡೇಬಿಡೋಣ," ಅಧಿಕಾರಿ ಜೇಬಿನಿಂದ ಸೀಟಿ ತೆಗೆದರು.

ತಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡ. ಅಧಿಕಾರಿ ಸೀಟಿ ಊದಿದರು. ಹೆಂಗಸರು ಮೆಷಿನ್ ಬಿಟ್ಟು ನಡುಬಾಗಿಲಿಗೆ ಓಡಿದರು. ಅಕ್ಕ ಬಡಿದಳು, ಕೂಗಿದಳು, ಒದ್ದಳು. ಗುಂಡಿ ಹೊಲಿಯುವ ಅಜ್ಜಿ ಏದುಸಿರು ಬಿಡುತ್ತಾ ಗೋಡೆಗೆ ಒರಗಿದಳು. ಚಿಲಕ ಸರಿಯಲಿಲ್ಲ. ಅಕ್ಕ ಬಗ್ಗಿ ಬಾಗಿಲ ಕೆಳಗಿನ ಸಂದಿಯಲ್ಲಿ ಇಣುಕಿದಳು. ಆ ಕಡೆ, ಒಂದು ಗೇಣು ದೂರದಲ್ಲಿ, ತಮ್ಮನ ಪಾದಗಳು ಅಲುಗಾಡದೆ ನಿಂತಿದ್ದವು.

ಕೊನೆಗೆ ಚಿಲಕ ಸರಿಯಿತು. ತಮ್ಮ ನಗುತ್ತಿದ್ದ. "ಬರೀ ಸೀಟಿ ಅಂತ ಗೊತ್ತಿತ್ತಲ್ಲ! ನಿಜವಾದ ಬೆಂಕಿ ಆಗಿದ್ರೆ ತೆಗೀದೆ ಇರ್ತಿದ್ನಾ?"

"ನೀನು ಬಾಗಿಲ ಹಿಂದೇನೇ ನಿಂತ್ಕೊಂಡು ಕೇಳಿಸ್ಕೊಳ್ತಿದ್ದೆ," ಅಂದಳು ಅಕ್ಕ.

"ನಿನ್ನ ಜಂಬ ಎಷ್ಟು ಹೊತ್ತು ಬಡಿಯುತ್ತೆ ನೋಡೋಣ ಅಂತ."

ಹೊಡೆಯಲು ಎತ್ತಿದ ಕೈಯನ್ನು ಅಕ್ಕ ಇಳಿಸಿದಳು. ಇವನನ್ನು ಎತ್ತಿ ಆಡಿಸಿದ ಕೈ ಅದು. ಹೆಂಗಸರ ಕಡೆ ತಿರುಗಿದಳು. "ಕತ್ತರಿ, ಬಟ್ಟೆ ಎತ್ಕೊಳ್ರಮ್ಮಾ. ಈ ಪುಣ್ಯಾತ್ಮನ ದಯೆ ಮೇಲೆ ನಿಮ್ಮ ಜೀವ ಇಟ್ಟು ನಾನು ಹೊಲಿಸಲ್ಲ."

"ಹೋಗ್ಹೋಗು! ಸಿಟ್ಟು ಇಳಿದ ಮೇಲೆ ನೀನೇ ಬರ್ತೀಯ. ನಿಂದೂ ಅರ್ಧ ಪಾಲಿದೆ!"

"ಅದಕ್ಕೂ ನೀನೇ ಪಾಲಿಷ್ ಹೊಡ್ಕೋ."

ಅಜ್ಜಿಯ ಕೈ ಹಿಡಿದು ಅಕ್ಕ ಮೆಟ್ಟಿಲಿಳಿದಳು. ಮಾರನೆಯ ದಿನ ಮೆಷಿನ್ ಸಾಗಿಸಲು ಕೂಲಿಯವರು ಬಂದರು. ಅಕ್ಕ ಬರಲಿಲ್ಲ. ಆಮೇಲೂ ಬರಲಿಲ್ಲ.